ಒಬ್ಬಂಟಿಯ ಎರಡು ತಿರುಳು

ಅಮ್ಮ ತೀರಿಕೊಂಡ ಹದಿನಾಲ್ಕನೆಯ ದಿನ, ನೆಂಟರೆಲ್ಲ ಹೊರಟುಹೋದ ಮೇಲೆ, ನಾನು ಮೊದಲ ಸಲ ಒಬ್ಬಂಟಿಯ ಗಾಜಿನ ಭರಣಿಯೊಳಗೆ ಕೈ ಇಟ್ಟೆ. ನಮ್ಮೂರಿನಲ್ಲಿ ಮನೆಗೊಂದು ಒಬ್ಬಂಟಿ, ಒಬ್ಬಂಟಿಗೊಂದು ಕೈ. ಮನೆಯ ಹಿರಿಯ ಹೆಂಗಸು ಬದುಕಿರುವಷ್ಟು ದಿನ ಬೇರೆ ಯಾರೂ ಆ ನೀರನ್ನು ಮುಟ್ಟುವಂತಿಲ್ಲ. ಐವತ್ತೊಂದು ವರ್ಷ ಅದೇ ಅಡಿಗೆಮನೆಯಲ್ಲಿ ಓಡಾಡಿದ್ದರೂ ನಮ್ಮ ಒಬ್ಬಂಟಿಯನ್ನು ನಾನು ಗಾಜಿನ ಆಚೆಯಿಂದಲೇ ನೋಡಿದ್ದೆ.

ಅದು ಅಂಗೈಯಷ್ಟು ಉದ್ದ, ಸಿಪ್ಪೆ ಸುಲಿದ ತಾಟಿನುಂಗಿನಷ್ಟು ತಿಳಿ. ಕಣ್ಣಿಲ್ಲ, ಮೂಗಿಲ್ಲ, ರಕ್ತವಿಲ್ಲ, ಇಡೀ ಮೈ ಒಂದೇ ಕೋಶ. ಮೈತುಂಬ ಸಣ್ಣ ಕೂದಲು, ಗಾಳಿ ಬೀಸಿದ ಪೈರಿನ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆಯೇಳುತ್ತಲೇ ಇರುತ್ತವೆ. ಭರಣಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಎರಡು ತಿರುಳು ಕಾಣುತ್ತವೆ. ದೊಡ್ಡದು ಅವರೆಕಾಳಿನಷ್ಟು, ಚಿಕ್ಕದು ಅದರ ಮಗ್ಗುಲಲ್ಲಿ ಒರಗಿಕೊಂಡ ಸಾಸಿವೆಯಷ್ಟು. ಆ ಭರಣಿಯ ನೀರು ಒಂದು ಲೋಟ ಬೆರೆಸಿದರೆ ಗುಡಾಣದ ನೀರು ವಾರವಾದರೂ ಕೆಡುವುದಿಲ್ಲ. ಒಬ್ಬಂಟಿ ಸತ್ತ ಮನೆಯ ನೀರು ಮಾರನೆಯ ದಿನವೇ ನಾರುತ್ತದೆ. ಅಂಥವರು ಒಂದೆರಡು ತಿಂಗಳು ಅಕ್ಕಪಕ್ಕದ ಮನೆಗೆ ಬಿಂದಿಗೆ ಹಿಡಿದುಕೊಂಡು ಹೋಗುತ್ತಾರೆ, ಆಮೇಲೆ ಒಂದು ದಿನ ಊರು ಬಿಡುತ್ತಾರೆ.

ಅಮ್ಮ ಮೈಮುಟ್ಟಿ ಮಾತಾಡಿಸುವವಳಾಗಿರಲಿಲ್ಲ. ಕೆಟ್ಟವಳೇನಲ್ಲ. ನನಗೆ ಜ್ವರ ಬಂದಾಗ ಕಷಾಯ ಕಾಯಿಸಿ ತಂದು ಹಾಸಿಗೆಯ ಪಕ್ಕ ಇಡುತ್ತಿದ್ದಳು, ಹಣೆ ಮುಟ್ಟಿ ನೋಡುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಭರಣಿಯೊಳಗೆ ಬಲಗೈ ಇಳಿಬಿಡುತ್ತಿದ್ದಳು. ಒಬ್ಬಂಟಿ ತಿರುಗಿ ತಿರುಗಿ ಬಂದು ಅವಳ ಮಣಿಕಟ್ಟಿನ ಒಳಭಾಗದಲ್ಲಿ, ನಾಡಿ ಮಿಡಿಯುವ ಕಡೆ ಅಡ್ಡಲಾಗಿ ಒರಗಿ ಕೂದಲಿನಿಂದ ಸವರುತ್ತಿತ್ತು. ಆಗ ಅಮ್ಮನ ಮುಖ ನನಗೆ ಗುರುತಿಲ್ಲದ ಯಾರದೋ ಮುಖವಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏಳು ವರ್ಷದವಳಿದ್ದಾಗಲೂ ನೋಡಿದ್ದೇನೆ, ನಲವತ್ತೇಳರಲ್ಲೂ ನೋಡಿದ್ದೇನೆ. "ಏನು ನಿಂತಿದ್ದೀ, ಹಾಲು ಉಕ್ಕುತ್ತೆ ನೋಡು," ಎನ್ನುತ್ತಿದ್ದಳು.

ಆ ಹದಿನಾಲ್ಕನೆಯ ದಿನ ನಾನು ಕೈ ಇಟ್ಟಾಗ ಅದು ಸ್ವಲ್ಪ ಹೊತ್ತು ಭರಣಿಯ ತಳದಲ್ಲೇ ಇತ್ತು. ಆಮೇಲೆ ಮೇಲೆ ಬಂತು. ನನ್ನ ಮಣಿಕಟ್ಟಿಗೆ ಒರಗಿತು. ಅದು ಸವರಿದ್ದು ಹೇಗಿತ್ತು ಎಂದು ಹೇಳಲಾರೆ. ನಿದ್ದೆಗಣ್ಣಿನಲ್ಲಿ ಯಾರೋ ಹೊದಿಕೆ ಸರಿಮಾಡಿದ ಹಾಗೆ ಎಂದರೆ ಹತ್ತಿರ ಬರಬಹುದು. ಅದು ನನ್ನನ್ನು ಅಮ್ಮ ಎಂದುಕೊಂಡಿತ್ತು. ನನ್ನ ಕೈ ಥೇಟ್ ಅವಳದೇ, ಅದೇ ದಪ್ಪ ಗೆಣ್ಣು, ಅದೇ ಅಗಲ ಉಗುರು. ಅಂದುಕೊಂಡರೆ ಅಂದುಕೊಳ್ಳಲಿ ಎನ್ನಿಸಿತು. ಒಂದು ವರ್ಷ, ಒಂದು ದಿನವೂ ತಪ್ಪಿಸದೆ, ಅವಳಿಗೆ ಸಲ್ಲಬೇಕಾದ್ದನ್ನು ನಾನು ಪಡೆದುಕೊಂಡೆ.

ವರ್ಷದ ಮೇಲೆ ಅದು ಮಂಕಾಗತೊಡಗಿತು. ತಿಳಿಯಾಗಿದ್ದ ಮೈ ಗಂಜಿಯ ಬಣ್ಣಕ್ಕೆ ತಿರುಗಿತು. ಕೂದಲ ಅಲೆ ನಡುನಡುವೆ ನಿಂತುಹೋಗುತ್ತಿತ್ತು. ನಾನು ಕೂಡಿಸುವ ಚೆನ್ನಾಜಮ್ಮನನ್ನು ಕರೆದುಕೊಂಡು ಬಂದೆ. ವಯಸ್ಸಾದ ಒಬ್ಬಂಟಿಗಳನ್ನು ಎರಡೆರಡಾಗಿ ಸೇರಿಸಿ ತಿರುಳು ಹೊಸದಾಗಿಸುವ ಕೂಡಿಕೆ ಮಾಡಿಸುವವಳು ಊರಿಗೆ ಅವಳೊಬ್ಬಳೇ. ಎಂಬತ್ತು ದಾಟಿದ್ದರೂ ಹಿತ್ತಾಳೆ ಹಿಡಿಯ ಭೂತಗನ್ನಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಾಳೆ. ಕನ್ನಡಿಯನ್ನು ಗಾಜಿಗೆ ಒತ್ತಿ ಬಹಳ ಹೊತ್ತು ನೋಡಿದಳು.

"ದೊಡ್ಡ ತಿರುಳು ಸವೆದುಹೋಗಿದೆ ಕಣೇ. ಇನ್ನು ಇಪ್ಪತ್ತು ದಿನ, ಹೆಚ್ಚು ಅಂದ್ರೆ ಒಂದು ತಿಂಗಳು. ನಿಮ್ಮಮ್ಮ ಇದನ್ನ ಯಾವಾಗ ಕೂಡಿಸಿದ್ಲು?"

"ಗೊತ್ತಿಲ್ಲ. ನನಗೆ ತಿಳಿವಳಿಕೆ ಬಂದ ಮೇಲೆ ಇಲ್ಲ."

"ಅವಳು ಕೂಡಿಸಿಲ್ಲ. ಎಷ್ಟು ಸಲ ಹೇಳ್ದೆ. 'ಇರ್ಲಿ ಬಿಡಿ ಚೆನ್ನಾಜಮ್ಮ, ಮುಂದಿನ ವರ್ಷ ನೋಡೋಣ' ಅನ್ನೋಳು." ಕನ್ನಡಿ ಒರೆಸಿಕೊಂಡಳು. "ನೀನೂ ಹಾಗೇ ಅಂತೀಯೇನೋ."

"ಕೂಡಿಸಿದರೆ ಇದಕ್ಕೆ ಈಗ ಗೊತ್ತಿರೋದೆಲ್ಲ ಹೋಗುತ್ತಾ?"

"ಏನೇ ಕುಮುದಾ, ಹುಡುಗೀರಿಗೆ ಅದೇ ಪಾಠ ಹೇಳೋಳು ನೀನು, ನನ್ನ ಬಾಯಲ್ಲಿ ಕೇಳ್ಬೇಕಾ?"

ನಿಜ, ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅದೇ ವಾರ ಒಂಬತ್ತನೇ ತರಗತಿಗೆ ಏಕಕೋಶ ಜೀವಿಗಳ ಪಾಠವಿತ್ತು. ಚಪ್ಪಲಿಯಾಕಾರದ ಚಿತ್ರ ಬರೆದು ಎರಡು ಕೋಶಕೇಂದ್ರಗಳನ್ನು ಗುರುತಿಸಿದೆ. ಚಿಕ್ಕ ಕೇಂದ್ರದಲ್ಲಿ ಡಿಎನ್ಎಯ ನೂಲು ಪೂರ್ತಿಯಾಗಿ, ಒಂದಿಂಚೂ ಕತ್ತರಿಸದೆ, ಬಿಗಿಯಾಗಿ ಸುತ್ತಿ ಇಟ್ಟಿರುತ್ತದೆ, ಆದರೆ ಅದನ್ನು ದಿನನಿತ್ಯ ಯಾರೂ ಬಿಚ್ಚಿ ಓದುವುದಿಲ್ಲ ಎಂದೆ. ದೊಡ್ಡ ಕೇಂದ್ರದಲ್ಲಿರುವುದು ಅದೇ ನೂಲಿನ ತುಂಡುಗಳು. ಬೇಡದ ಭಾಗಗಳನ್ನು ಕತ್ತರಿಸಿ ತೆಗೆದು, ಬೇಕಾದ ತುಂಡುಗಳಿಗೆ ನೂರಾರು ಪ್ರತಿ ಮಾಡಿಟ್ಟುಕೊಂಡಿರುತ್ತದೆ. ತಿನ್ನುವುದು, ಈಜುವುದು, ಎಲ್ಲ ಕೆಲಸ ನಡೆಯುವುದು ಅಲ್ಲಿಂದಲೇ. ಅವರಿಗೆ ಸುಲಭವಾಗಲಿ ಎಂದು, ಟ್ರಂಕಿನಲ್ಲಿ ಮಡಿಸಿಟ್ಟ ಇಡೀ ಸೀರೆಗೂ ಅದರಂಥದೇ ಸೀರೆ ಹರಿದು ಮಾಡಿದ ರವಿಕೆ, ತೊಟ್ಟಿಲ ಬಟ್ಟೆ, ಮಸಿಬಟ್ಟೆಗಳಿಗೂ ಇರುವ ವ್ಯತ್ಯಾಸ ಎಂದೆ.

ಹಿಂದಿನ ಬೆಂಚಿನ ತಾರಿಣಿ ಎದ್ದು ನಿಂತಳು. "ಮಿಸ್, ಹಾಗಾದ್ರೆ ಚಿಕ್ಕದು ಜೀವಮಾನ ಪೂರ್ತಿ ಸುಮ್ನೆ ಕೂತಿರುತ್ತಾ?"

"ಬಹುಮಟ್ಟಿಗೆ."

"ಬೋರ್ ಆಗಲ್ವಾ ಮಿಸ್?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಕೂಡಿಕೆಯಾದಾಗ ದೊಡ್ಡ ಕೇಂದ್ರ ಚೂರುಚೂರಾಗಿ ಕರಗಿಹೋಗುತ್ತದೆ, ಚಿಕ್ಕದರಿಂದ ಹೊಸ ದೊಡ್ಡ ಕೇಂದ್ರ ಹುಟ್ಟುತ್ತದೆ ಎನ್ನುವ ಮುಂದಿನ ಭಾಗವನ್ನು ನಾಳೆ ನೋಡೋಣ ಎಂದು ಪುಸ್ತಕ ಮುಚ್ಚಿದೆ.

ಚೆನ್ನಾಜಮ್ಮ ನಮ್ಮದಕ್ಕೆ ಜೋಡಿ ಹುಡುಕಿದ್ದು ಕೆಳಗಿನ ಬೀದಿಯ ಗೋದಾವರಿಯ ಮನೆಯಲ್ಲಿ. ಗೋದಾವರಿಗೆ ನಲವತ್ತರ ಆಸುಪಾಸು. ಅವಳ ಒಬ್ಬಂಟಿ ಅತ್ತೆ ರುಕ್ಕಮ್ಮನಿಂದ ಬಂದದ್ದು, ಅದಕ್ಕೂ ವಯಸ್ಸಾಗಿತ್ತು. ಮಾತಾಡಲು ಹೋದಾಗ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಬೇಗ ಮಾಡಿಸೋಣ ಕುಮುದಕ್ಕ. ನಮ್ಮತ್ತೆ ಹೋಗಿ ಆರು ವರ್ಷ ಆಯ್ತು, ಇವತ್ತಿಗೂ ನನ್ನ ಕೈ ಕಂಡ್ರೆ ಇದು ಭರಣಿ ಮೂಲೆ ಸೇರ್ಕೊಳ್ಳುತ್ತೆ. ಅವ್ರು ಬದುಕಿದ್ದಾಗ ನಾನು ಮಾಡಿದ ಸಾರು ಯಾವತ್ತು ಸರಿಯಿತ್ತು ಹೇಳಿ? ಈಗ ಇದೂ ಹಾಗೇ. ನಾನು ಅಕ್ಕಿ ತೊಳೆದು ಹಾಕಿದ ಅಕ್ಕಚ್ಚು ಕುಡಿಯೋಕೆ ನಾನು ಆ ಕಡೆ ಹೋಗ್ಬೇಕು." ನಗುತ್ತಲೇ ಹೇಳಿದಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. "ಎಲ್ಲ ಮರೀಲಿ ಅದು. ಹೊಸದಾಗಿ ಶುರು ಮಾಡ್ಲಿ."

ಅವಳಿಗೆ ಬೇಕಾಗಿದ್ದೇ ನನಗೆ ಬೇಡವಾಗಿತ್ತು. ಆದರೂ ಒಪ್ಪಿದೆ. ಒಪ್ಪದಿದ್ದರೆ ಒಂದು ತಿಂಗಳಿಗೆ ಎರಡು ತಿರುಳೂ ಹೋಗುತ್ತವೆ, ಒಪ್ಪಿದರೆ ಒಂದಾದರೂ ಉಳಿಯುತ್ತದೆ. ಲೆಕ್ಕ ಸರಳವಾಗಿಯೇ ಇತ್ತು.

ಕೂಡಿಕೆಗೆ ಮುಂಚೆ ಮೂರು ದಿನ ಉಪವಾಸ ಹಾಕಬೇಕು. "ಹೊಟ್ಟೆ ತುಂಬಿದ ಒಬ್ಬಂಟಿಗೆ ಇನ್ನೊಂದರ ನೆನಪೇ ಆಗಲ್ಲ," ಎಂದು ಚೆನ್ನಾಜಮ್ಮ ಎಚ್ಚರಿಸಿದ್ದಳು. ಭರಣಿಗೆ ಬರೀ ಮಳೆನೀರು. ಅಕ್ಕಿ ತೊಳೆದ ನೀರಿನ ಒಂದು ಹನಿಯೂ ಇಲ್ಲ. ಮೊದಲ ದಿನ ಅದು ಎಂದಿನಂತೆಯೇ ಇತ್ತು. ಎರಡನೆಯ ದಿನ ನನ್ನ ಮಣಿಕಟ್ಟಿಗೆ ಒರಗದೆ ಬೆರಳ ಸಂದುಗಳಲ್ಲೆಲ್ಲ ತಡಕಾಡಿತು. ಮೂರನೆಯ ದಿನ ಬೆಳಿಗ್ಗೆ ಅದು ಬಂತು, ಒರಗಿತು, ಕೂದಲು ಎರಡು ಸಲ ಆಡಿ ನಿಂತುಬಿಟ್ಟವು. ಒಲೆಯ ಪಕ್ಕ ಆಗತಾನೆ ಅಕ್ಕಿ ತೊಳೆದ ಪಾತ್ರೆಯಿತ್ತು. ಒಂದು ಚಮಚ. ಅಷ್ಟೇ, ಒಂದೇ ಒಂದು ಚಮಚ ಅಕ್ಕಚ್ಚು ಹಾಕಿದೆ. ಅರ್ಧ ಗಂಟೆಯಲ್ಲಿ ಅದು ಚೇತರಿಸಿಕೊಂಡು ನನ್ನ ಕೈಯನ್ನು ಸವರಿದ ರೀತಿಗೆ, ನಾನು ಮತ್ತೊಂದು ಚಮಚ ಹಾಕಿದೆ.

ಮರುದಿನ ಚೆನ್ನಾಜಮ್ಮನ ಅಂಗಳದ ಕಲ್ಲುಬಾನಿಯೊಳಗೆ ಎರಡನ್ನೂ ಬಿಟ್ಟೆವು. ಗೋದಾವರಿಯದು ಸಣಕಲಾಗಿ ಕಡ್ಡಿಯಾಗಿತ್ತು. ನೇರ ನಮ್ಮದರ ಬಳಿಗೆ ಬಂದು ಮೈಗೆ ಮೈ ತಾಗಿಸಿತು. ನಮ್ಮದು ಜಾರಿಕೊಂಡಿತು. ಅದು ಮತ್ತೆ ಬಂತು, ಇದು ಮತ್ತೆ ಜಾರಿಕೊಂಡಿತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಚೆನ್ನಾಜಮ್ಮ ನಮ್ಮ ಭರಣಿಯಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿ ಮೂಗಿಗೆ ಹಿಡಿದಳು.

"ಯಾವಾಗ ಹಾಕಿದ್ದೇ?"

"ಏನನ್ನ?"

"ನನ್ನ ಹತ್ರ ಆಟ ಆಡ್ಬೇಡ."

ಗೋದಾವರಿ ಒಮ್ಮೆ ನನ್ನ ಮುಖ, ಒಮ್ಮೆ ಬಾನಿ ನೋಡಿದಳು. ಅವಳ ಒಬ್ಬಂಟಿ ಕಲ್ಲಿನ ತಳ ಹಿಡಿದು ಅಲುಗಾಡದೆ ಬಿದ್ದಿತ್ತು.

"ಅಕ್ಕಾ, ನಂದು ಸತ್ತೋಗುತ್ತೆ," ಎಂದಳು. ದನಿ ಏರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. "ನಾನೂ ಮೂರು ದಿನ ಕಲ್ಲು ಮನಸ್ಸು ಮಾಡ್ಕೊಂಡು ಕೂತಿದ್ದೆ. ನನ್ನ ಕಂಡ್ರೆ ಆಗದ್ದನ್ನ ಉಪವಾಸ ಕೆಡವೋಕೆ ನಂಗೇನು ಖುಷಿ ಅಂದ್ಕೊಂಡ್ರಾ? ನಿಮಗೆ ನಿಮ್ಮಮ್ಮ ಬೇಕು. ನಂಗೆ ನನ್ನ ಮನೆ ಬೇಡ್ವಾ?"

"ಅದು ಹಸಿದಿತ್ತು ಅಂತ..." ಎಂದೆ. ಹೇಳುವಾಗಲೇ ಅದು ಸುಳ್ಳೆಂದು ಗೊತ್ತಾಯಿತು. "ಇಲ್ಲ ಗೋದಾವರಿ. ಅದು ನನ್ನ ಕೈ ಸವರೋದನ್ನ ನಿಲ್ಲಿಸಿತ್ತು. ಅದಕ್ಕೇ ಹಾಕಿದೆ."

ಚೆನ್ನಾಜಮ್ಮ ನಿಟ್ಟುಸಿರು ಬಿಟ್ಟಳು. ಗೋದಾವರಿಯ ಒಬ್ಬಂಟಿಗೆ ಜೀವ ನಿಲ್ಲುವಷ್ಟು ಮಾತ್ರ, ಹತ್ತಿಯ ಬತ್ತಿಯಿಂದ ನಾಲ್ಕು ಹನಿ ಹಿಂಡಿದಳು. "ನಮ್ಮ ಹತ್ರ ಇನ್ನು ಎರಡು ದಿನ ಇದೆ. ಆಮೇಲೆ ಇದಕ್ಕೆ ಕೂಡೋ ಶಕ್ತೀನೂ ಇರಲ್ಲ. ಗೋದಾ, ನೀನು ಇವಳ ಮನೆಗೆ ಹೋಗಿ ಕೂತ್ಕೋ. ಇವಳ ಕೈ ಅಕ್ಕಿ ಪಾತ್ರೆ ಹತ್ರ ಹೋದ್ರೆ ಬಾರ್ಸು."

ಹೀಗೆ ಗೋದಾವರಿ ಹೊಲಿಗೆಯ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಕಾವಲಿಗೆ ಬಂದಳು. ನಾನು ಶಾಲೆಗೆ ರಜೆ ಹಾಕಿದೆ. ಮೊದಲ ದಿನ ಅನ್ನ ಬೇಡವೆಂದು ಇಬ್ಬರಿಗೂ ಜೋಳದ ರೊಟ್ಟಿ ಮಾಡಿದೆ. "ಅಕ್ಕಿ ಕಂಡ್ರೆ ನಿಮಗೆ ಚಪಲ ಆಗುತ್ತೆ ಅಂತಾನಾ?" ಎಂದು ಕೆಣಕಿದಳು. ನಾನು ನಕ್ಕಿದ್ದರಿಂದ ಅವಳಿಗೆ ಸಮಾಧಾನವಾದಂತೆ ಕಂಡಿತು. ಎರಡನೆಯ ದಿನ ಮಧ್ಯಾಹ್ನ ನಾನು ಭರಣಿಯಲ್ಲಿ ಕೈ ಇಟ್ಟು ಕೂತಿದ್ದೆ. ಅದು ಬಂದು ಒರಗಿತ್ತು, ತೀರ ನಿಧಾನವಾಗಿ ಸವರುತ್ತಿತ್ತು. ಗೋದಾವರಿ ಸೂಜಿ ಕೆಳಗಿಟ್ಟು ಬಹಳ ಹೊತ್ತು ನೋಡಿದಳು.

"ಹೀಗೇನಾ ಅದು ಮಾಡೋದು? ದಿನಾ?"

"ದಿನಾ."

"ನನ್ನ ಹತ್ರ ಯಾವತ್ತೂ ಯಾವುದೂ ಬಂದಿಲ್ಲ ಕುಮುದಕ್ಕ. ತೌರಲ್ಲಿ ಅಮ್ಮಂದೂ ಮುಟ್ಟೋ ಹಾಗಿರ್ಲಿಲ್ಲ, ಇಲ್ಲಿ ಇದು ಹೀಗೆ." ಭರಣಿಯ ಹತ್ತಿರ ಸರಿದಳು. "ನಾನು ಒಂದ್ಸಲ ಇಡ್ಲಾ?"

ಒಬ್ಬಂಟಿಗೊಂದು ಕೈ. ಪದ್ಧತಿ ಮುರಿಯುವುದಕ್ಕಿಂತ ಹೆಚ್ಚು ನಾನು ಹೆದರಿದ್ದು ಬೇರೆಯದಕ್ಕೆ. ಆದರೆ ಅವಳ ಒಬ್ಬಂಟಿಯನ್ನು ಸಾವಿನ ಬಾಯಿಗೆ ನೂಕಿದವಳು ನಾನು. ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ. ಅವಳು ಬಳೆ ಏರಿಸಿಕೊಂಡು, ಕುದಿಯುವ ನೀರಿಗೆ ಇಡುವವಳಂತೆ ಅಂಜುತ್ತ ಕೈ ಇಳಿಬಿಟ್ಟಳು. ಸಣ್ಣ ಕೈ, ಉದ್ದ ಬೆರಳು, ಅಮ್ಮನ ಕೈಯನ್ನು ಯಾವ ರೀತಿಯಲ್ಲೂ ಹೋಲದ ಕೈ.

ಅದು ಬಂತು. ನನ್ನ ಬಳಿ ಬರುತ್ತಿದ್ದಂತೆಯೇ ತಿರುಗಿ ತಿರುಗಿ ಬಂದು ಅವಳ ನಾಡಿಯ ಮೇಲೆ ಅಡ್ಡಲಾಗಿ ಒರಗಿತು.

ಗೋದಾವರಿಯ ಕಣ್ಣಲ್ಲಿ ನೀರು ತುಂಬಿ ಮೂಗಿನ ತುದಿಯಿಂದ ಭರಣಿಗೆ ಬೀಳುವ ಹಾಗಾಯಿತು. "ಉಪ್ಪು ಬೀಳ್ಬಾರ್ದು," ಎಂದು ನಾನೇ ಸೆರಗಿನಿಂದ ಅವಳ ಮುಖ ಒರೆಸಿದೆ. "ಇದು ಎಲ್ಲರ ಹತ್ರಾನೂ ಬರುತ್ತಾ?" ಎಂದು ಪಿಸುಗುಟ್ಟಿದಳು.

"ಗೊತ್ತಿಲ್ಲ. ಯಾರೂ ಇಟ್ಟು ನೋಡಿಲ್ಲ."

ಹಾಗೆಂದವಳೇ ಹಿತ್ತಲಿಗೆ ಎದ್ದುಹೋದೆ. ಅದು ನನ್ನನ್ನು ಅಮ್ಮ ಎಂದು ತಿಳಿದಿರಲಿಲ್ಲ. ಬೆಚ್ಚಗಿನ, ಮಿಡಿಯುವ ಯಾವ ಕೈಯಾದರೂ ಅದಕ್ಕೆ ಸಾಕಿತ್ತು. ಹಾಗಾದರೆ ನಾನು ಏಳು ವರ್ಷದವಳಿದ್ದಾಗ ಸ್ಟೂಲು ಹತ್ತಿ ಕೈ ಇಟ್ಟಿದ್ದರೂ ಬರುತ್ತಿತ್ತು. ಹದಿನೆಂಟರಲ್ಲಿ, ನನಗೆ ಕೂಡಿಬಂದಿದ್ದ ಮದುವೆಯ ಸಂಬಂಧ ಮುರಿದುಬಿದ್ದ ವರ್ಷ ಇಟ್ಟಿದ್ದರೂ ಬರುತ್ತಿತ್ತು. ನಲವತ್ತನಾಲ್ಕು ವರ್ಷ ನಾನು ಬಾಗಿಲಲ್ಲಿ ನಿಂತಿದ್ದೆ, ಅದು ಅಷ್ಟು ವರ್ಷವೂ ಎಲ್ಲರಿಗೂ ಬರಲು ತಯಾರಾಗಿತ್ತು. ಅಮ್ಮನಿಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ಕರೆಯಲಿಲ್ಲವೇ? ಅಥವಾ ಅವಳೂ ತನ್ನ ಅಮ್ಮನ ಬಾಗಿಲಲ್ಲಿ ಹೀಗೆಯೇ ನಿಂತು ನಿಂತು, ತನ್ನ ಸರದಿ ಬಂದಾಗ ಯಾರಿಗೂ ಪಾಲು ಕೊಡಲಾರದಷ್ಟು ಹಸಿದಿದ್ದಳೇ? ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಒಳಗೆ ಬಂದಾಗ ಗೋದಾವರಿಯ ಕೈ ಇನ್ನೂ ನೀರಿನಲ್ಲೇ ಇತ್ತು. ತೆಗೆಯಲು ಹೋದಳು. "ಇರಲಿ," ಎಂದೆ. ಆ ದಿನದ ಉಳಿದ ಹೊತ್ತನ್ನು ಅವಳಿಗೇ ಬಿಟ್ಟುಕೊಟ್ಟೆ.

ಈ ಸಲ ಬಾನಿಯಲ್ಲಿ ಬಿಟ್ಟ ತಕ್ಷಣ ಎರಡೂ ಅಂಟಿಕೊಂಡವು. ಚೆನ್ನಾಜಮ್ಮ ಮೊಣಕಾಲೂರಿ, ಕನ್ನಡಿಯಲ್ಲಿ ಕಂಡದ್ದನ್ನು ಸೂಲಗಿತ್ತಿಯಂತೆ ಹೇಳುತ್ತಾ ಹೋದಳು. "ಚಿಕ್ಕ ತಿರುಳು ಊದ್ಕೊಂತು... ಎರಡಾಯ್ತು... ನಾಲ್ಕಾಯ್ತು. ಮೂರು ಕರಗಿದ್ವು. ಒಂದು ಉಳೀತು. ಅದು ಮತ್ತೆ ಎರಡಾಗ್ತಿದೆ. ನೋಡ್ರೇ, ಒಂದು ಮನೇಲೇ ಉಳ್ಕೊಳ್ಳುತ್ತೆ, ಇನ್ನೊಂದು ಆ ಕಡೆ ದಾಟುತ್ತೆ." ನಾನು ಭೂತಗನ್ನಡಿ ಇಸಿದುಕೊಂಡು ನೋಡಿದೆ. ನಮ್ಮದರಿಂದ ಹೊರಟ ಸಾಸಿವೆಯ ಅರ್ಧದಷ್ಟು ಮಬ್ಬು ಚುಕ್ಕೆ ಆಚೆಯ ಮೈಯೊಳಕ್ಕೆ ನುಸುಳಿತು, ಅಲ್ಲಿಂದ ಅಂಥದೇ ಒಂದು ಈಚೆ ಬಂತು. ದಾಟಿ ಬಂದದ್ದು ಮನೆಯಲ್ಲಿದ್ದದ್ದರ ಜೊತೆ ಸೇರಿ ಒಂದಾಯಿತು. ಈಗ ಎರಡರ ಒಳಗೂ ಅಮ್ಮನದು ಅರ್ಧ, ರುಕ್ಕಮ್ಮನದು ಅರ್ಧ.

"ಅಯ್ಯೋ ದೇವ್ರೇ, ನಮ್ಮತ್ತೆ ನಿಮ್ಮನೆಗೂ ಬಂದ್ರು," ಎಂದಳು ಗೋದಾವರಿ. ಚೆನ್ನಾಜಮ್ಮ ನಕ್ಕು ನಕ್ಕು ಕೆಮ್ಮಿದಳು.

ಆಮೇಲೆ ದೊಡ್ಡ ತಿರುಳು ಹೋಯಿತು. ಅವರೆಕಾಳಿನಂತಿದ್ದದ್ದು ಮೊದಲು ಸಡಿಲಗೊಂಡು ಲಡಿ ಬಿಚ್ಚಿದ ನೂಲಾಯಿತು, ಲಡಿ ತುಂಡಾಯಿತು, ತುಂಡುಗಳು ರವೆಯಂತಾದವು. ಒಂದೊಂದಾಗಿ ಮಸುಕಾಗುತ್ತಿದ್ದ ಆ ರವೆಯ ಕಾಳುಗಳನ್ನು ಕಣ್ಣು ಮಿಟುಕಿಸದೆ ನೋಡಿದೆ. ಯಾವ ಕಾಳಿನಲ್ಲಿ ಮಣಿಕಟ್ಟಿಗೆ ಒರಗುವುದು ಇತ್ತೋ ತಿಳಿಯಲಿಲ್ಲ.

"ಪೂರ್ತಿ ಹೋಗಲ್ಲ ಕಣೇ," ಎಂದಳು ಚೆನ್ನಾಜಮ್ಮ, ನನ್ನನ್ನು ನೋಡದೆ. "ಹೊಸ ತಿರುಳು ನೂಲನ್ನ ಕತ್ತರಿಸೋಕೆ ಕೂತಾಗ ಯಾವುದು ಇಟ್ಕೋಬೇಕು, ಯಾವುದು ಎಸೀಬೇಕು ಅಂತ ಅದಕ್ಕೇನು ಗೊತ್ತು? ಹಳೇದು ಸಾಯೋ ಮುಂಚೆ ತನ್ನ ಹತ್ರ ಏನೇನಿತ್ತು ಅಂತ ತೋರಿಸಿ ಹೋಗುತ್ತೆ. ಅಷ್ಟೇ ಅದು ಕೊಡೋದು. ಸ್ವಲ್ಪವೇ. ಆದ್ರೂ ಕೊಡುತ್ತೆ."

ಸಂಜೆಗೆ ಮುಂಚೆ ಅವು ಬೇರೆಯಾದವು. ಚೆನ್ನಾಜಮ್ಮ ಎರಡನ್ನೂ ಎರಡು ಹಿತ್ತಾಳೆ ಬಟ್ಟಲಿಗೆ ಎತ್ತಿದಳು, ಬೆತ್ತದ ಮೊರದಿಂದ ಮುಚ್ಚಿದಳು, ಮೊರದ ಕೆಳಗೇ ಬಟ್ಟಲುಗಳನ್ನು ತಿರುಗಿಸಿ ತಿರುಗಿಸಿ ಜಾಗ ಬದಲಿಸಿದಳು. ಕೂಡಿಕೆಯಾದ ಮೇಲೆ ಯಾವುದು ಯಾರದೆಂದು ಯಾರಿಗೂ ಗೊತ್ತಾಗಬಾರದು. ಅದು ನಮ್ಮೂರಿನ ಪದ್ಧತಿ. ಗೊತ್ತಾದರೆ ಮನೆ ಮನೆಗಳು ಜಗಳಾಡುತ್ತವೆ. "ಮೊದಲು ಯಾರು ಮುಟ್ತೀರ?" ಎಂದಳು. ತಪ್ಪು ಮಾಡಿದವಳು ನಾನಾದ್ದರಿಂದ ಗೋದಾವರಿಗೆ ಬಿಟ್ಟೆ. ಅವಳು ಎಡಗಡೆಯದನ್ನು ಮುಟ್ಟಿದಳು.

ನನಗೆ ಬಂದದ್ದು ನೀರಿನಷ್ಟೇ ತಿಳಿಯಾಗಿತ್ತು, ಚುರುಕಾಗಿತ್ತು. ಭರಣಿಯ ತುಂಬ ಸುತ್ತುತ್ತಿತ್ತು. ಕೈ ಇಟ್ಟರೆ ಬೆರಳಿಗೆ ತಗುಲಿ, ಕಲ್ಲಿಗೆ ತಗುಲಿದ ಹಾಗೆ ಹಿಂದಕ್ಕೆ ಚಿಮ್ಮಿ, ಬೇರೆ ದಿಕ್ಕು ಹಿಡಿಯುತ್ತಿತ್ತು. ಒಂದು ವಾರ ಹಾಗೆಯೇ ಕಳೆಯಿತು. ಗುಡಾಣದ ನೀರು ಸಿಹಿಯಾಗಿತ್ತು. ನಾನು ಶಾಲೆಗೆ ಹೋಗಿ ಬಿಟ್ಟಿದ್ದ ಪಾಠ ಮುಗಿಸಿ ಬಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ಗೋದಾವರಿ ಬೀದಿಯಲ್ಲೇ ಕೂಗುತ್ತಾ ಬಂದಳು. ತಲೆ ಕೂಡ ಬಾಚಿರಲಿಲ್ಲ. "ಕುಮುದಕ್ಕ, ಬನ್ನಿ, ಬನ್ನಿ ಒಂದ್ನಿಮಿಷ!" ಅವಳ ಅಡಿಗೆಮನೆಗೆ ಎಳೆದುಕೊಂಡು ಹೋಗಿ ಭರಣಿಯಲ್ಲಿ ಕೈ ಇಟ್ಟಳು. ಅವಳ ಒಬ್ಬಂಟಿ ತಳದಿಂದ ತಿರುಗಿ ತಿರುಗಿ ಮೇಲೆ ಬಂತು. ಮಣಿಕಟ್ಟಿನ ಒಳಭಾಗ ಹುಡುಕಿತು. ಅಡ್ಡಲಾಗಿ ಒರಗಿತು.

ನಾನು ಕಿಟಕಿಯ ಕಟ್ಟೆ ಹಿಡಿದುಕೊಂಡೆ.

ಗೋದಾವರಿ ನನ್ನ ಮುಖ ನೋಡಿದಳು. ಅವಳ ನಗು ನಿಧಾನವಾಗಿ ಆರಿತು. ದಡ್ಡಿಯಲ್ಲ ಅವಳು. ಕೈಯನ್ನು ನೀರಿನಿಂದ ತೆಗೆಯದೆ, "ಇದು ನಿಮ್ಮಮ್ಮಂದು ಅಲ್ವಾ?" ಎಂದಳು. ಮತ್ತೆ, "ಬೇಕಾದ್ರೆ ಬದಲಾಯಿಸ್ಕೊಳ್ಳೋಣ. ಚೆನ್ನಾಜಮ್ಮಂಗೆ ಹೇಳೋದು ಬೇಡ," ಎಂದಳು.

ನಾನು ಹೂಂ ಎನ್ನಬೇಕೆಂದಿದ್ದೆ. ಬಾಯಿಗೂ ಬಂದಿತ್ತು. ಒಂದು ಬೀದಿ ದಾಟಿದರೆ ನನ್ನ ಅಡಿಗೆಮನೆ, ಒಂದು ಬಿಂದಿಗೆಯಲ್ಲಿ ಮುಗಿಯುವ ಕೆಲಸ. ಆದರೆ ಅವಳು ತೋಳಿನವರೆಗೆ ಒದ್ದೆಯಾಗಿ, ಬಾಗಿ ನಿಂತಿದ್ದ ರೀತಿ ನೋಡಿದೆ. ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಅದನ್ನು ಬಾಗಿಲಿನಿಂದ ನೋಡುವುದು ಹೇಗಿರುತ್ತದೆಂದೂ ಗೊತ್ತು. ದೊಡ್ಡ ಮನಸ್ಸಿನಿಂದ ಬೇಡವೆಂದೆ ಎಂದು ಹೇಳಿಕೊಳ್ಳಲಾರೆ. ಒಯ್ದ ಮೇಲೆ ಅದು ನನ್ನ ಕೈಗೆ ಬಾರದೇ ಹೋದರೆ ಎಂಬ ಹೆದರಿಕೆಯೂ ಇತ್ತು.

"ಯಾವುದು ಯಾರದ್ದು ಅಂತ ಯಾರಿಗೆ ಗೊತ್ತು," ಎಂದೆ. "ನೀನು ಮುಟ್ಟಿದ್ದು ನಿನ್ನದು. ನಿನ್ನ ಮಗಳನ್ನ ಕರಿ, ಅವಳೂ ಇಡ್ಲಿ ಕೈ."

"ಅವಳಾ? ಈಗ್ಲೇನಾ? ನಾನಿನ್ನೂ ಬದುಕಿದ್ದೀನಲ್ಲ!"

"ಅದಕ್ಕೇ ಹೇಳಿದ್ದು."

ಅವಳು ಮಗಳನ್ನು ಕೂಗುತ್ತಿದ್ದುದು ನಾನು ಬೀದಿಗೆ ಇಳಿದ ಮೇಲೂ ಕೇಳಿಸುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕದೆ ನೇರ ಅಡಿಗೆಮನೆಗೆ ನಡೆದೆ. ಭರಣಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಬಲಗೈಯನ್ನು ನೀರಿಗೆ ಬಿಟ್ಟೆ. ಅದು ಆಚೆಯ ಗಾಜಿನ ಉದ್ದಕ್ಕೂ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಶಾಲೆಯ ಮೊದಲ ಗಂಟೆ ಹೊಡೆಯಿತು. ಬೆರಳುಗಳು ತಣ್ಣಗಾದವು. ಅದಕ್ಕೆ ನಾನು ಅಮ್ಮನೂ ಅಲ್ಲ, ಮತ್ತೊಬ್ಬಳೂ ಅಲ್ಲ. ಅದು ಇನ್ನೂ ಯಾರನ್ನೂ ಕಂಡಿರಲಿಲ್ಲ.

"ನಾನು ಕುಮುದ," ಎಂದೆ.